ಹಗ್ಗ ಎಳೆದವನಿಗೆ ಸಿಕ್ಕ ಮಾತು

ಜಪಾನಿನ ನಗೋಯಾ ಬಳಿಯ ಕಾರಿನ ಬಿಡಿಭಾಗಗಳ ಕಾರ್ಖಾನೆಗೆ ಸೇರಿದ ಮೊದಲ ವಾರದಲ್ಲೇ, ನನ್ನ ಪಕ್ಕದಲ್ಲಿದ್ದ ಹುಡುಗ ತಲೆಯ ಮೇಲೆ ಹಾದುಹೋಗಿದ್ದ ಹಗ್ಗವನ್ನು ಎಳೆದುಬಿಟ್ಟ. ಹಳದಿ ದೀಪ ಹೊತ್ತಿಕೊಂಡಿತು, ತಂಡದ ಮುಖ್ಯಸ್ಥ ಓಡಿ ಬಂದ. ಬೆಂಗಳೂರಿನ ಪೀಣ್ಯದಲ್ಲಿ ಆರು ವರ್ಷ ದುಡಿದಿದ್ದ ನಾನು ಇನ್ನು ಬೈಗುಳ ಶುರುವಾಗುತ್ತದೆಂದು ತಲೆ ತಗ್ಗಿಸಿ ನಿಂತಿದ್ದೆ. ಮುಖ್ಯಸ್ಥ ‘ಅರಿಗಾತೋ’ ಎಂದು ಆ ಹುಡುಗನಿಗೆ ವಂದನೆ ಹೇಳಿ, ಅವನ ಜೊತೆಗೇ ಬಗ್ಗಿ ಬೋಲ್ಟನ್ನು ನೋಡತೊಡಗಿದ.

ಟೊಯೋಟಾ ಬೆಳೆಸಿದ ಈ ಆಂಡೋನ್ ಪದ್ಧತಿಯಲ್ಲಿ ತೊಂದರೆ ಕಂಡ ಕೆಲಸಗಾರ ಹಗ್ಗ ಎಳೆದು ತಿಳಿಸುತ್ತಾನೆ; ಎಳೆದ ಕೂಡಲೇ ಜೋಡಣೆಯ ಲೈನ್ ನಿಲ್ಲುವುದಿಲ್ಲ. ಲೈನಿನಲ್ಲಿ ಸಾಗುವ ಮಾಲು ನೆಲದ ಮೇಲಿನ ನಿಗದಿತ ಗೆರೆ ದಾಟುವಷ್ಟರಲ್ಲಿ ತೊಂದರೆ ಸರಿಹೋಗದಿದ್ದರೆ ಮಾತ್ರ ನಿಲ್ಲುತ್ತದೆ. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಮಾಲು ಕೆಟ್ಟರೆ ಕೇಳಿಬರುತ್ತಿದ್ದ ಮೊದಲ ಪ್ರಶ್ನೆ, ‘ಯಾವನ್ರೀ ಇದು ಮಾಡಿದ್ದು?’ ಎಂಬುದು. ಹೀಗಾಗಿ ತೂತಿನ ಅಳತೆ ಮೀರಿದ ಹನ್ನೊಂದು ಬುಷ್‌ಗಳನ್ನು ಹಿರಿಯ ಆಪರೇಟರೊಬ್ಬರು ಲಾಕರಿನಲ್ಲಿ, ಊಟದ ಡಬ್ಬಿಯ ಹಿಂದೆ ಬಚ್ಚಿಟ್ಟರು. ಕಂಡೂ ನಾನು ಸುಮ್ಮನಿದ್ದೆ. ಸವೆದಿದ್ದ ಟೂಲು ಯಾರ ಗಮನಕ್ಕೂ ಬಾರದೆ, ಮುಂದಿನ ಎರಡು ಶಿಫ್ಟುಗಳಲ್ಲೂ ಅದೇ ತಪ್ಪಿನ ಮಾಲು ಹೊರಬಿತ್ತು.

ಇದು ಜಪಾನೀಯರ ಹುಟ್ಟುಗುಣ, ನಮ್ಮವರಿಗೆ ಒಗ್ಗದು ಎನ್ನುವ ಗೆಳೆಯರಿಗೆ ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟನ್ನು ತೋರಿಸುತ್ತೇನೆ. ಜಗಳ, ಗೈರುಹಾಜರಿಗಳಿಗೆ ಹೆಸರಾಗಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಅಲ್ಲಿ 1982ರಲ್ಲಿ ಮುಚ್ಚಿತು. 1984ರಲ್ಲಿ ಅದೇ ಕಂಪನಿ ಟೊಯೋಟಾ ಜೊತೆಗೂಡಿ ಅದೇ ಜಾಗದಲ್ಲಿ, ಬಹುಪಾಲು ಅದೇ ಕೆಲಸಗಾರರನ್ನು ಮರಳಿ ಕರೆದು, ಹೊಸ ಆಡಳಿತಕ್ರಮದಲ್ಲಿ ಕಾರು ತಯಾರಿಸಲು ತೊಡಗಿದಾಗ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಸಮೀಪಕ್ಕೆ ಬಂದಿತು.

ಹಾಗೆಂದು ಇಲ್ಲಿಯದೆಲ್ಲ ಬಂಗಾರವಲ್ಲ. ಮರವನ್ನು ಬೇರೆಡೆ ನೆಡುವ ಮುನ್ನ ಬೇರಿನ ಸುತ್ತ ಅಗೆದು ಹದಮಾಡುವುದಕ್ಕೆ ಇವರು ನೆಮವಾಶಿ ಎನ್ನುತ್ತಾರೆ. ಸಭೆಗೆ ಮೊದಲೇ ಒಬ್ಬೊಬ್ಬರನ್ನೂ ಕಂಡು ಒಪ್ಪಿಸುವುದಕ್ಕೂ ಅದೇ ಹೆಸರು. ಎಲ್ಲವೂ ಹಾಗೆ ಮುಗಿದಿರುವುದರಿಂದ ಸಭೆಯಲ್ಲಿ ಕಿರಿಯರು ಬಾಯಿ ತೆರೆಯುವುದಿಲ್ಲ. ಮಾಲನ್ನು ಹಿಡಿದಿಡುವ ಒಂದು ಫಿಕ್ಸ್ಚರಿಗೆ ನಾನು ಕೇಳಿದ ಬದಲಾವಣೆಗೆ ಕಾಗದದ ಮೇಲೆ ಒಪ್ಪಿಗೆಯ ಕೆಂಪು ಮುದ್ರೆಗಳೆಲ್ಲ ಬೀಳಲು ಆರು ವಾರ ಹಿಡಿಯಿತು. ಪೀಣ್ಯದ ಮಾಲೀಕರಾಗಿದ್ದರೆ ಮೆಷೀನಿನ ಬಳಿ ನಿಂತು, ‘ಮಾಡ್ರಿ, ದುಡ್ಡು ನಾನ್ ನೋಡ್ಕೋತೀನಿ’ ಎಂದು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು. ನನ್ನ ತಂಗಿಯ ಮದುವೆಗೆ ಕೇಳದೆಯೇ ಮುಂಗಡ ಕೊಟ್ಟವರೂ ಅವರೇ. ಇನ್ನು, ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಗಳ ಸಾಮಾನ್ಯ ಮಿತಿ 2019ರಿಂದ ಕಾನೂನಿನ ಬಲದೊಡನೆ ಬಂದಿದ್ದರೂ, ಮೇಲಿನವರು ಕುರ್ಚಿ ಬಿಡುವವರೆಗೆ ನಮ್ಮ ಆಫೀಸಿನಲ್ಲಿ ಯಾರೂ ಏಳುವುದಿಲ್ಲ.

ಈಗ ಎಂಟು ಜನರ ತಂಡ ನನ್ನ ಕೈಕೆಳಗಿದೆ. ಹೋದ ತಿಂಗಳು ಒಂದೇ ರಾತ್ರಿ ತಂಡದವರು ಮೂರನೆಯ ಸಲ ಹಗ್ಗ ಎಳೆದಾಗ ನನ್ನ ಬಾಯಿಂದ ಮೊದಲು ಹೊರಬಿದ್ದ ಮಾತು, ‘ಯಾವನ್ರೀ ಇದು ಮಾಡಿದ್ದು?’ ಅಲ್ಲಿದ್ದ ಯಾರಿಗೂ ಕನ್ನಡ ಬಾರದಿದ್ದುದು ನನ್ನ ಪುಣ್ಯ.