ಟಿಕೆಟ್ಟಿಗೆ ದೊಡ್ಡವಳು, ಆಟಕ್ಕೆ ಚಿಕ್ಕವಳು

ನನ್ನ ಮಗಳಿಗೆ ಮೂರು ವರ್ಷ ಎರಡು ತಿಂಗಳು. ಎತ್ತರ 96 ಸೆಂಟಿಮೀಟರ್. ಈ ಎರಡು ಲೆಕ್ಕವನ್ನು ಮೊದಲೇ ಅಕ್ಕಪಕ್ಕ ಇಟ್ಟು ನೋಡಿದ್ದರೆ ಆ ಭಾನುವಾರ ನಾನು ಮನೆಯಲ್ಲೇ ಬಿದ್ದುಕೊಂಡಿರುತ್ತಿದ್ದೆ. ನೋಡಲಿಲ್ಲ. ಥೀಮ್ ಪಾರ್ಕಿಗೆ ಹೋದೆವು. ನಾನು, ಹೆಂಡತಿ, ಮಗಳು ಮತ್ತು ನನ್ನ ಅಮ್ಮ.

ಟಿಕೆಟ್ ಕಿಟಕಿಯ ಮುಂದೆ ಬೋರ್ಡು ಇತ್ತು. ಮೂರು ತುಂಬದ ಮಕ್ಕಳಿಗೆ ಪ್ರವೇಶ ಉಚಿತ. ಬರೀ ಎರಡು ತಿಂಗಳ ವ್ಯತ್ಯಾಸ ಅಲ್ವಾ ಅಂತ ನಾನು ಮಗಳ ತಲೆ ಮೇಲೆ ಮೆಲ್ಲಗೆ ಕೈ ಇಟ್ಟು ಒತ್ತಿದೆ. ಕಿವಿಯಲ್ಲಿ "ಸ್ವಲ್ಪ ಬಗ್ಗು ಪುಟ್ಟಿ" ಅಂದೆ.

"ಮಗೂಗೆ ಎಷ್ಟು ವರ್ಷ ಸರ್?"

"ಎರಡು..." ಅಂತ ರಾಗ ಎಳೆಯುವಷ್ಟರಲ್ಲಿ ಅವಳೇ ಮೂರು ಬೆರಳು ಎತ್ತಿ ತೋರಿಸಿದಳು. "ಮೂರು! ಕೇಕ್ ಕಟ್ ಮಾಡಾಯ್ತು!"

ಕಿಟಕಿಯೊಳಗಿನ ಹುಡುಗ ನಕ್ಕ. ಮಕ್ಕಳ ಟಿಕೆಟ್ ಹರಿದ. ಮಕ್ಕಳ ಟಿಕೆಟ್ ಅಂದರೆ ಅರ್ಧ ಇರಬಹುದು ಅಂತ ನೀವು ಅಂದುಕೊಂಡಿದ್ದರೆ, ನೀವು ಇನ್ನೂ ಬಸ್ಸಿನ ಕಾಲದಲ್ಲೇ ಇದ್ದೀರಿ. ದೊಡ್ಡವರ ಟಿಕೆಟ್ಟಿಗಿಂತ ಅದು ಕಡಿಮೆ, ನಿಜ. ಆದರೆ ಆ ಕಡಿಮೆಯನ್ನು ಕಾಣಲು ಕನ್ನಡಕ ಬೇಕು.

ಒಳಗೆ ಹೋದೆವು. ಮೊದಲ ಆಟದ ಬಾಗಿಲಲ್ಲಿ ಮರದ ಕರಡಿಯೊಂದು ಕೈ ಚಾಚಿ ನಿಂತಿತ್ತು. ಆ ಕೈ ನೆಲದಿಂದ 102 ಸೆಂಟಿಮೀಟರ್ ಮೇಲಿತ್ತು. ಮಗುವಿನ ತಲೆ ಕರಡಿಯ ಕೈಗೆ ತಾಗಿದರೆ ಒಳಗೆ. ತಾಗದಿದ್ದರೆ ಹೊರಗೆ. ನಾನು ಮಗಳ ಕಿವಿಯಲ್ಲಿ "ಸ್ವಲ್ಪ ಹಿಗ್ಗು ಪುಟ್ಟಿ, ತುದಿಗಾಲಲ್ಲಿ ನಿಲ್ಲು" ಅಂದೆ. ಹೆಂಡತಿ ಅವಳ ಜುಟ್ಟನ್ನು ಮೇಲಕ್ಕೆತ್ತಿ ಕಟ್ಟಿದಳು. ಅಲ್ಲಿದ್ದ ಹುಡುಗಿ ಜುಟ್ಟನ್ನು ಬೆರಳಿನಿಂದ ಅದುಮಿ ನೋಡಿ, "ಸಾರಿ ಮೇಡಂ, ಇನ್ನೂ ಚಿಕ್ಕವಳು" ಅಂದಳು.

ಅರ್ಧ ಗಂಟೆ ಹಿಂದೆ ದೊಡ್ಡವಳಾಗಿದ್ದಳು. ರಸೀದಿ ಜೇಬಿನಲ್ಲೇ ಇತ್ತು.

ಎತ್ತರದ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಆಸನದ ಮೇಲೆ ಬಂದು ಕೂರುವ ಆ ಕಬ್ಬಿಣದ ಪಟ್ಟಿ ಒಂದು ಅಳತೆಯ ಮೈಯನ್ನು ಹಿಡಿದುಕೊಳ್ಳಲು ಮಾಡಿದ್ದು. ಅದಕ್ಕಿಂತ ಚಿಕ್ಕ ಮೈ ಅದರ ಕೆಳಗಿಂದ ಜಾರಿಬಿಡಬಹುದು. ಆ ಕರಡಿ ಎಷ್ಟು ಮಕ್ಕಳನ್ನು ಕಾಪಾಡಿದೆಯೋ. ನನ್ನ ಪ್ರಶ್ನೆ ಕರಡಿಗಲ್ಲ, ಕಿಟಕಿಗೆ. ಆಟಕ್ಕೆ ಸೆಂಟಿಮೀಟರಿನಲ್ಲಿ ಅಳೆಯುವವರು ದುಡ್ಡಿಗೆ ಮಾತ್ರ ಹುಟ್ಟುಹಬ್ಬ ಯಾಕೆ ಕೇಳುತ್ತಾರೆ? ಕೆಲವು ಪಾರ್ಕುಗಳು ಟಿಕೆಟ್ಟನ್ನೂ ಎತ್ತರದ ಮೇಲೇ ಕೊಡುತ್ತವೆ ಅನ್ನುವುದು ಗೊತ್ತು. ಆದರೆ ಅಲ್ಲೂ ಟಿಕೆಟ್ಟಿನ ಗೆರೆ ಮೊಣಕಾಲಿನ ಹತ್ತಿರ, ಆಟದ ಗೆರೆ ಕತ್ತಿನ ಹತ್ತಿರ.

ಮಧ್ಯಾಹ್ನ ಬೆಂಚಿನ ಮೇಲೆ ಕೂತು ಇದರ ಲೆಕ್ಕ ಹಾಕಿದೆ. ಮಾಡಲು ಬೇರೆ ಕೆಲಸವಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ. ಮೂರು ತುಂಬಿದ ಹುಡುಗಿಯ ನಡುಮಟ್ಟದ ಎತ್ತರ ಸುಮಾರು 95 ಸೆಂಟಿಮೀಟರ್. 102 ದಾಟಲು ನಾಲ್ಕರ ಹತ್ತಿರ ಬರಬೇಕು. ಅಲ್ಲಿಗೆ ಒಂದು ವರ್ಷ ದುಡ್ಡು ಕೊಟ್ಟು ಕರಡಿಯ ಕೈ ನೋಡಿದ್ದಾಯಿತು. ಇನ್ನೂ ಜೋರಾದ ಆಟಗಳಿಗೆ 122 ಬೇಕು. ಅದು ಏಳು ದಾಟಿದ ಮೇಲೆ. ಇನ್ನೂ ಭಯಂಕರವಾದ ಕೆಲವಕ್ಕೆ 137. ಅದು ಬರುವುದು ಹತ್ತರ ಆಸುಪಾಸಿನಲ್ಲಿ.

ಹತ್ತು ಅಂದರೆ ಏನು ಗೊತ್ತಾ? ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಮಕ್ಕಳ ಟಿಕೆಟ್ ಇರುವುದು ಮೂರರಿಂದ ಒಂಬತ್ತರವರೆಗೆ. ಹತ್ತು ತುಂಬಿದ ಕೂಡಲೇ ಮಗು ದೊಡ್ಡವರ ಸಾಲಿಗೆ. ಮತ ಹಾಕಲು ಹದಿನೆಂಟು ಆಗಬೇಕು. ಹಾಲು ಹಲ್ಲು ಪೂರ್ತಿ ಬಿದ್ದಿರುವುದಿಲ್ಲ. ಟಿಕೆಟ್ ಕಿಟಕಿಯಲ್ಲಿ ಮಾತ್ರ ಆಸಾಮಿ ವಯಸ್ಕ. ಅಂದರೆ 137ರ ಆಟ ಇರುವ ಪಾರ್ಕಿನಲ್ಲೂ ಇದೇ ಲೆಕ್ಕ ಹಿಡಿದರೆ, ಯಾವ ಆಟಕ್ಕೂ ಕರಡಿ ತಡೆಯದಷ್ಟು ಎತ್ತರ ಬರುವ ಹೊತ್ತಿಗೆ ಮಕ್ಕಳ ಟಿಕೆಟ್ ಕೈತಪ್ಪಿರುತ್ತದೆ. ಮಕ್ಕಳ ಟಿಕೆಟ್ ಹಿಡಿದು ಎಲ್ಲ ಆಟ ಆಡಬೇಕಾದರೆ ಮಗು ಜಿರಾಫೆಯ ಕಡೆಯದಾಗಿರಬೇಕು.

ಇದೆಲ್ಲ ಹಿಂದೆ ಹೀಗಿರಲಿಲ್ಲ. ಡಿಸ್ನಿಲ್ಯಾಂಡ್ 1955ರ ಜುಲೈಯಲ್ಲಿ ಬಾಗಿಲು ತೆರೆದಾಗ ದೊಡ್ಡವರಿಗೆ ಪ್ರವೇಶ 1 ಡಾಲರ್, ಮಕ್ಕಳಿಗೆ 50 ಸೆಂಟ್. ಒಳಗೆ ಆಡಿದ ಆಟಕ್ಕೆ ಬೇರೆ ಚಿಲ್ಲರೆ. ಕೆಲವೇ ತಿಂಗಳಲ್ಲಿ ಚೀಟಿ ಪುಸ್ತಕ ಬಂತು. ಚಿಕ್ಕ ಆಟಕ್ಕೆ 'ಎ' ಚೀಟಿ, ದೊಡ್ಡದಕ್ಕೆ 'ಸಿ'. 1959ರಲ್ಲಿ 'ಇ' ಕೂಡ ಸೇರಿತು. ಆಡಿದವರು ಕೊಟ್ಟರು, ಆಡದವರು ಕೊಡಲಿಲ್ಲ. 1982ರಲ್ಲಿ ಆ ಪುಸ್ತಕ ಹೋಯಿತು. ಒಂದೇ ಟಿಕೆಟ್, ಎಲ್ಲ ಆಟ. ಕೇಳಲು ಎಷ್ಟು ಚೆಂದ! ಎಷ್ಟು ಬೇಕಾದರೂ ಆಡಿ ಅನ್ನುವುದು ಆಡಬಲ್ಲವರಿಗೆ ಹಬ್ಬ. 96 ಸೆಂಟಿಮೀಟರಿನವಳಿಗೆ ಅದು, ಹಲ್ಲು ಬಾರದ ಕೂಸಿಗೆ ಬಾಳೆಲೆ ತುಂಬ ಬಡಿಸಿ ಪೂರ್ತಿ ಊಟದ ದುಡ್ಡು ಕೇಳಿದ ಹಾಗೆ. 2024ರ ಕೊನೆಯ ಹೊತ್ತಿಗೆ ಅದೇ ಡಿಸ್ನಿಲ್ಯಾಂಡಿನಲ್ಲಿ ತೀರಾ ಗದ್ದಲದ ದಿನದ ಒಂದು ಟಿಕೆಟ್ 200 ಡಾಲರ್ ದಾಟಿತ್ತು.

ಹಳೆಯ ಪದ್ಧತಿ ಪೂರ್ತಿ ಸತ್ತಿಲ್ಲ. ಡೆನ್ಮಾರ್ಕಿನ ಬಾಕೆನ್ 1583ರಿಂದ ಇದೆ. ಜಗತ್ತಿನ ಅತಿ ಹಳೆಯ ಮನರಂಜನಾ ಪಾರ್ಕ್ ಅಂತ ಹೆಸರಾಗಿದೆ. ಒಳಗೆ ಹೋಗಲು ಇವತ್ತಿಗೂ ದುಡ್ಡಿಲ್ಲ, ಆಟಕ್ಕೆ ಮಾತ್ರ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ನೋಬೆಲ್ಸ್ ಅನ್ನುವ ಪಾರ್ಕೂ ಹಾಗೇ. ಅಂಥ ಕಡೆ ನನ್ನ ಅಮ್ಮನಿಗೆ ಒಂದು ಕಾಸೂ ಬೀಳುತ್ತಿರಲಿಲ್ಲ.

ಅಮ್ಮನ ವಿಷಯ ಹೇಳಲೇಬೇಕು. ಅವಳಿಗೆ ಮೊಣಕಾಲು ನೋವು, ತಲೆಸುತ್ತು. ತಿರುಗುವ ಯಾವುದನ್ನೂ ಹತ್ತುವವಳಲ್ಲ. ಮೊಮ್ಮಗಳ ಮುಖ ನೋಡಲು ಬಂದವಳು. ಅವಳಿಗೂ ಟಿಕೆಟ್. ಇಡೀ ದಿನ ಒಂದೇ ಬೆಂಚಿನ ಮೇಲೆ ಕೂತು ನಮ್ಮ ನಾಲ್ಕು ಚೀಲ, ಒಂದು ಕೊಡೆ, ಒಂದು ಜೊತೆ ಒದ್ದೆ ಚಪ್ಪಲಿ ಕಾದಳು. ಸಾಮಾನು ಕಾಯಲು ಸಂಬಳ ಕೊಡುವುದು ಲೋಕರೂಢಿ. ಇವಳು ತಾನೇ ದುಡ್ಡು ಕೊಟ್ಟು ಕಾದಳು. ಪಕ್ಕದಲ್ಲೇ ಬಾಡಿಗೆ ಲಾಕರ್ ಇತ್ತು. ಅದರ ರೇಟು ನೋಡಿ ಬಂದು, "ನನಗಿಂತ ಅದೇ ಅಗ್ಗ ಕಣೋ. ಮುಂದಿನ ಸಲ ಅದನ್ನೇ ಕರ್ಕೊಂಡು ಬಾ" ಅಂದಳು.

ಗಂಡ ಹೆಂಡತಿಯಾದರೂ ಆಟ ಆಡಿದೆವಾ ಅಂದರೆ, ಅದಕ್ಕೂ ಒಂದು ಏರ್ಪಾಡಿದೆ. ಚಿಕ್ಕ ಮಗು ಇರುವವರಲ್ಲಿ ಒಬ್ಬರು ಆಡಬೇಕು, ಇನ್ನೊಬ್ಬರು ಮಗು ಹಿಡಿದು ಹೊರಗೆ ನಿಲ್ಲಬೇಕು. ಆಮೇಲೆ ಅದಲು ಬದಲು. ಎರಡನೆಯವರು ಮತ್ತೆ ಪೂರ್ತಿ ಸಾಲು ನಿಲ್ಲಬೇಕಿಲ್ಲ. ಒಳ್ಳೆಯ ವ್ಯವಸ್ಥೆ, ಬಯ್ಯುವುದಿಲ್ಲ. ಆದರೆ ಜೊತೆಯಾಗಿ ಸಂತೋಷಪಡಲು ಅಂತ ಹೋದವರು ಪಾಳಿಯ ಮೇಲೆ ಸಂತೋಷಪಟ್ಟೆವು. ನಾನು ಇಳಿದಾಗ ಅವಳು ಹತ್ತಿದಳು. ಅವಳು ಕಿರುಚುವಾಗ ನಾನು ಮಗಳ ಮೂಗು ಒರೆಸುತ್ತಿದ್ದೆ. ಅಂಥ ಪಾಳಿ ಎರಡು ಆಟಕ್ಕೆ ಮುಗಿಯಿತು. ಮಗಳು ನಿದ್ದೆಗೆ ಹೊರಳಿ ಅಳಲು ಶುರು ಮಾಡಿದಳು. ಮೂರು ವರ್ಷದ ಮಗು ಮಧ್ಯಾಹ್ನ ಮಲಗುತ್ತದೆ. ಟಿಕೆಟ್ ಮಲಗುವುದಿಲ್ಲ. ಅವಳು ಬಾಡಿಗೆ ತಳ್ಳುಗಾಡಿಯಲ್ಲಿ ಎರಡು ಗಂಟೆ ನಿದ್ದೆ ಮಾಡಿದಳು. ಅಷ್ಟು ದುಬಾರಿ ಹಾಸಿಗೆಯಲ್ಲಿ ನಮ್ಮ ವಂಶದಲ್ಲಿ ಯಾರೂ ಮಲಗಿಲ್ಲ.

ಸಾಲಿನ ಬಗ್ಗೆ ಒಂದು ಮಾತು. ಜಗತ್ತಿನಲ್ಲಿ ವ್ಯಾಪಾರಿಗಳು ಸರಕು ಮಾರುತ್ತಾರೆ. ಥೀಮ್ ಪಾರ್ಕಿನವರು ಸರಕಿನ ಮುಂದಿನ ಸಾಲನ್ನೂ ಮಾರುತ್ತಾರೆ. ಮೊದಲು ಕಂಬ ನೆಟ್ಟು, ಹಗ್ಗ ಕಟ್ಟಿ, ಹಾವಿನ ಹಾಗೆ ಸುತ್ತಿಸಿ ಸಾಲು ಬೆಳೆಸುವುದು. ಆಮೇಲೆ ಪಕ್ಕದಲ್ಲಿ ಇನ್ನೊಂದು ಚಿಕ್ಕ ಬಾಗಿಲು ಇಟ್ಟು, ಈ ಸಾಲು ಬೇಡವೇ, ಇಷ್ಟು ಕೊಡಿ ಅನ್ನುವುದು. ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ಅಂತ ಇದನ್ನು ತಂದಾಗ ಪುಕ್ಕಟೆ ಇತ್ತು. ಚೀಟಿ ತಗೊಂಡು ಹೋಗಿ, ಹೇಳಿದ ಹೊತ್ತಿಗೆ ಬನ್ನಿ, ಅಷ್ಟೇ. 2021ರಲ್ಲಿ ಅದು ನಿಂತು, ದುಡ್ಡಿನ ಪಾಸು ಬಂತು. ನಾವು ಹೋದ ಪಾರ್ಕಿನಲ್ಲೂ ಅಂಥದ್ದೇ ಒಂದು ಬಾಗಿಲು. ಅದರಲ್ಲಿ ಒಬ್ಬರು ಬೇಗ ಒಳಗೆ ಹೋದಂತೆಲ್ಲ ನಮ್ಮ ಸಾಲು ನಿಧಾನವಾಗುತ್ತಿತ್ತು. ನಮ್ಮ ಸಾಲು ನಿಧಾನವಾದಂತೆಲ್ಲ ಆ ಬಾಗಿಲಿನ ಬೆಲೆ ಸರಿಯಾಗೇ ಇದೆ ಅನ್ನಿಸುತ್ತಿತ್ತು. ಈ ಯೋಜನೆ ಮಾಡಿದವರಿಗೆ ಕೈಮುಗಿಯಬೇಕು. ಕಾಯಿಸುವುದಕ್ಕೂ ಅವರೇ, ಕಾಯದಿರುವುದಕ್ಕೂ ಅವರೇ.

ಮೂರು ವರ್ಷದವಳಿಗೆ ಸಾಲು ಅಂದರೆ ಏನಂತ ಗೊತ್ತಿಲ್ಲ. ಐವತ್ತು ನಿಮಿಷ ನಿಂತು ಬಾತುಕೋಳಿ ದೋಣಿಯ ಬಾಗಿಲಿಗೆ ಬಂದೆವು. ಕರಡಿಯ ಕಾಟವಿಲ್ಲದ ಕೆಲವೇ ಆಟಗಳಲ್ಲಿ ಅದೊಂದು. ಅಷ್ಟರಲ್ಲಿ ಅವಳು "ಸೂ ಸೂ" ಅಂದಳು. ಇದಕ್ಕೆ ಯಾವ ಪಾಸೂ ಇಲ್ಲ. ಹಗ್ಗದಡಿ ನುಸುಳಿ ಓಡಿದೆವು. ವಾಪಸ್ ಬಂದಾಗ ಸಾಲಿನ ಬಾಲ ನಮ್ಮನ್ನು ಪ್ರೀತಿಯಿಂದ ಮತ್ತೆ ಬರಮಾಡಿಕೊಂಡಿತು.

"ರೀ, ಇವತ್ತೇ ಯಾಕೆ ಇಷ್ಟು ಜನ?" ಅಂತ ಹೆಂಡತಿ ಕೇಳಿದಳು.

ರಜಾ ದಿನ, ಅದಕ್ಕೆ. ಮಕ್ಕಳಿಗೆ ರಜಾ ಇರುವ ದಿನ ಟಿಕೆಟ್ ಜಾಸ್ತಿ. ಮಕ್ಕಳು ಶಾಲೆಯಲ್ಲಿರುವ ದಿನ ಕಡಿಮೆ. ವಿಮಾನದವರಿಂದಲೂ ಹೋಟೆಲಿನವರಿಂದಲೂ ಕಲಿತ ವಿದ್ಯೆ ಇದು. ಡಿಸ್ನಿ ತನ್ನ ಒಂದು ದಿನದ ಟಿಕೆಟ್ಟಿಗೆ 2016ರಲ್ಲಿ ಹೀಗೆ ದಿನ ನೋಡಿ ಬೆಲೆ ಇಡತೊಡಗಿತು. ಈಗ ಪಾರ್ಕುಗಳ ಕ್ಯಾಲೆಂಡರ್ ನೋಡಿದರೆ ಪಂಚಾಂಗ ನೋಡಿದ ಹಾಗೇ. ಇಂಥ ದಿನ ಶುಭ, ಇಂಥ ದಿನ ರಾಹುಕಾಲ. ಮಕ್ಕಳಿಗಾಗಿಯೇ ಕಟ್ಟಿದ ಜಾಗ ಅಗ್ಗವಾಗುವುದು ಮಕ್ಕಳು ಬರಲಾಗದ ದಿನ ಮಾತ್ರ.

ಹೊರಡುವಾಗ ದಾರಿ ಒಂದೇ. ಅದು ಗೊಂಬೆ ಅಂಗಡಿಯ ನಡುವಿನಿಂದ. ಬೆಲೆ ಜಾಸ್ತಿ ಇರುವ ಗೊಂಬೆಗಳೆಲ್ಲ ಕೆಳಗಿನ ಕಪಾಟಿನಲ್ಲಿ, ಸರಿಯಾಗಿ 96 ಸೆಂಟಿಮೀಟರಿನವರ ಕೈಗೆಟುಕುವಂತೆ. ಈ ಪಾರ್ಕಿನಲ್ಲಿ ನನ್ನ ಮಗಳ ಎತ್ತರಕ್ಕೆ ಹೇಳಿ ಮಾಡಿಸಿದ ಹಾಗಿದ್ದದ್ದು ಅದೊಂದೇ. ಅಲ್ಲಿ ಯಾವ ಕರಡಿಯೂ ಕೈ ಅಡ್ಡ ಹಿಡಿದಿರಲಿಲ್ಲ. ಇದ್ದ ಒಂದೇ ಕರಡಿ ಮಾರಾಟಕ್ಕಿತ್ತು. ಅವಳು ಅದನ್ನೇ ತಬ್ಬಿ ಹಿಡಿದಳು, ಬಿಡಲಿಲ್ಲ.

ಪಕ್ಕದ ಕೌಂಟರಿನಲ್ಲಿ ಫೋಟೋ. ನಾನು ಹತ್ತಿದ್ದ ಆಟದ ತಿರುವಿನಲ್ಲಿ ಕ್ಯಾಮೆರಾ ಇತ್ತಂತೆ. ಚಿತ್ರದಲ್ಲಿ ನನ್ನ ಬಾಯಿ ತೆರೆದಿದೆ, ಕಣ್ಣು ಮುಚ್ಚಿದೆ, ಕೈ ಜೇಬಿನ ಮೇಲಿದೆ. ಹೆಂಡತಿ ನೋಡಿ, ಇಡೀ ದಿನದಲ್ಲಿ ನಿಮ್ಮ ನಿಜವಾದ ಮುಖ ಸಿಕ್ಕಿದ್ದು ಇದೊಂದರಲ್ಲೇ ಅಂದಳು. ತಗೊಂಡೆವು.

ಎಲ್ಲ ಸೇರಿ ಮಗಳು ಆಡಿದ್ದು ಮೂರು ಆಟ. ಬಾತುಕೋಳಿ ದೋಣಿ, ಮರದ ಕುದುರೆಯ ಚಕ್ರ, ಇನ್ನೊಂದು ಬಾತುಕೋಳಿ ದೋಣಿ. ಹೆಚ್ಚೆಂದರೆ ಒಂಬತ್ತು ನಿಮಿಷ. ನಾಲ್ಕು ಟಿಕೆಟ್, ವಾಹನ ನಿಲ್ಲಿಸಿದ್ದು, ತಳ್ಳುಗಾಡಿ, ನೀರು, ಊಟ, ಫೋಟೋ, ಕರಡಿ. ಇದನ್ನು ಒಂಬತ್ತರಿಂದ ಭಾಗಿಸಲು ಹೊರಟಾಗ ಹೆಂಡತಿ ಮೊಬೈಲ್ ಕಸಿದುಕೊಂಡಳು. ಅವಳ ಮಾತಿನಲ್ಲೂ ಅರ್ಥವಿತ್ತು. ಮಗು ನಕ್ಕಿತಲ್ಲ, ಅದಕ್ಕೆ ಲೆಕ್ಕ ಹಾಕಬಾರದಂತೆ. ಇಡೀ ವ್ಯಾಪಾರ ನಿಂತಿರುವುದೇ ಈ ಮಾತಿನ ಮೇಲೆ ಅಂತ ನನಗೆ ಅನ್ನಿಸಿತು. ಹೇಳಲಿಲ್ಲ. ಮಗುವಿನ ನಗುವಿನ ಎದುರು ಚೌಕಾಸಿ ಮಾಡುವ ಅಪ್ಪ ಯಾರಾಗುತ್ತಾನೆ?

ರಾತ್ರಿ ಮನೆಗೆ ಬಂದು ಮಗಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಅವಳು ಕರಡಿಯನ್ನೂ ಪಕ್ಕದಲ್ಲಿ ನಿಲ್ಲಿಸಿ ಅಳೆಸಿದಳು. ಆಮೇಲೆ ಹಾಸಿಗೆಯಲ್ಲಿ ಕಣ್ಣು ಮುಚ್ಚುವ ಮೊದಲು ಕೇಳಿದಳು.

"ಅಪ್ಪಾ, ನಾಳೆ ನಾನು ಬಗ್ಗಬೇಕಾ, ಹಿಗ್ಗಬೇಕಾ?"

"ಮೊದಲು ಎಲ್ಲಿ ನಿಲ್ಲಿಸ್ತಾರೆ ನೋಡೋಣ ಮಗಳೇ, ಕಿಟಕಿ ಹತ್ರಾನೋ, ಕರಡಿ ಹತ್ರಾನೋ" ಅಂದೆ.