ಗಡಿಯಾರ ಕಟ್ಟುವುದಾದರೆ ಕೋಡ್ ಇಲ್ಲದ್ದನ್ನೇ ಮೊದಲು ಕಟ್ಟಿ

ಆರ್ಡುಯಿನೋ ಬೋರ್ಡಿಗೆ ಸಮಯದ ಲೆಕ್ಕವಿಡುವ ಡಿಎಸ್3231 ಚಿಪ್ ಸಿಕ್ಕಿಸಿ, ಲೈಬ್ರರಿ ಇಳಿಸಿಕೊಂಡು ಗಡಿಯಾರ ಮಾಡುವುದರಲ್ಲಿ ತಪ್ಪೇನಿಲ್ಲ. ನಿಖರತೆಯಲ್ಲಿ ಅದನ್ನು ಮೀರಿಸುವುದೂ ಕಷ್ಟ. ಆದರೆ 59 ಆದ ಮೇಲೆ 00 ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ಬೇರೆಯವರು ಬರೆದ ಕೋಡ್ ಕಡೆ ಕೈ ತೋರಿಸಬೇಕಾಗುತ್ತದೆ. ಹಾಸನ, ಚಿಕ್ಕಮಗಳೂರಿನ ಡಿಪ್ಲೊಮಾ, ಬಿಇ ಹುಡುಗ ಹುಡುಗಿಯರು ಮಿನಿ ಪ್ರಾಜೆಕ್ಟಿಗೆ ಏನು ಮಾಡಲಿ ಎಂದರೆ ನನ್ನ ಉತ್ತರ ಒಂದೇ: 12 ಐಸಿ ತನ್ನಿ, ಒಂದು ಸಾಲು ಕೋಡೂ ಬರೆಯದೆ ಗಡಿಯಾರ ಓಡಿಸಿ. ಇದರಲ್ಲಿ ಎಲ್ಲಿ ತಪ್ಪಿದೆ ಎಂದು ಮಲ್ಟಿಮೀಟರ್ ಹಿಡಿದು ಕಂಡುಹಿಡಿಯಬಹುದು.

ಪಟ್ಟಿ ಇಷ್ಟು: ಸಿಡಿ4060 (ಮಿಡಿತ ಹುಟ್ಟಿಸಿ ಭಾಗಿಸುವುದು) ಒಂದು, 4013 (ಮಿಡಿತವನ್ನು ಅರ್ಧ ಮಾಡುವ ಫ್ಲಿಪ್‌ಫ್ಲಾಪ್) ಒಂದು, 4518 (ಎಣಿಸುವ ಕೌಂಟರ್) ಮೂರು, 4511 (ಎಣಿಕೆಯನ್ನು ಡಿಸ್‌ಪ್ಲೇಯ ಅಂಕಿಯಾಗಿಸುವುದು) ಆರು, 4081 (ಆಂಡ್ ಗೇಟ್) ಒಂದು. ಏಳು ಸೆಗ್ಮೆಂಟಿನ ಕಾಮನ್ ಕ್ಯಾಥೋಡ್ ಡಿಸ್‌ಪ್ಲೇ ಆರು (ಅಂಗಡಿಯಲ್ಲಿ ಎಲ್‌ಟಿ543 ಎಂದು ಕೇಳಿ, 542 ಕೊಟ್ಟರೆ ವಾಪಸ್ ಮಾಡಿ, ಅದು ಕಾಮನ್ ಆನೋಡ್). 330 ಓಮ್ ರೆಸಿಸ್ಟರ್ 42, ಅಂದರೆ ಸೆಗ್ಮೆಂಟಿಗೊಂದು. ಏಳಕ್ಕೂ ಸೇರಿಸಿ ಒಂದೇ ರೆಸಿಸ್ಟರ್ ಹಾಕುವ ಜುಗ್ಗತನ ಬೇಡ. 1 ಪ್ರಕಾಶಮಾನವಾಗಿ, 8 ಮಂಕಾಗಿ ಕಾಣುತ್ತದೆ. ಪ್ರತಿ ಐಸಿಯ ಪಕ್ಕದಲ್ಲೇ ಒಂದು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್. 5 ವೋಲ್ಟಿನ ಹಳೇ ಮೊಬೈಲ್ ಚಾರ್ಜರ್ ಸಾಕು, 42 ಸೆಗ್ಮೆಂಟೂ ಹೊತ್ತಿದರೂ 300 ಮಿಲಿಆಂಪ್ ದಾಟುವುದಿಲ್ಲ. ಎಲ್ಲವೂ ಒಂದೇ ಕಡೆ ಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡ್, ಇಲ್ಲವೇ ಆನ್‌ಲೈನ್.

ಮೊದಲು ಒಂದು ಸೆಕೆಂಡಿನ ಮಿಡಿತ. ದಯವಿಟ್ಟು 555 ಟೈಮರ್ ಐಸಿ ಬಳಸಬೇಡಿ. ಅದರ ರೆಸಿಸ್ಟರ್, ಕೆಪಾಸಿಟರ್ ಸೇರಿ ಶೇ. 1ರಷ್ಟು ಆಚೀಚೆಯಾದರೂ ದಿನಕ್ಕೆ 14 ನಿಮಿಷ 24 ಸೆಕೆಂಡಿನ ವ್ಯತ್ಯಾಸ. ಮನೆಯ ಕರೆಂಟಿನ 50 ಹರ್ಟ್ಸ್ ಹಿಡಿಯೋಣ ಎನ್ನುವವರಿಗೆ: ಗ್ರಿಡ್ 49.9ರಲ್ಲಿ ಒಂದು ಗಂಟೆ ನಿಂತರೆ ಏಳು ಸೆಕೆಂಡು ಹೋಯಿತು. ಅಲ್ಲದೆ ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಗಡಿಯಾರ ಕಟ್ಟುವುದು ಹೇಗೆ? 32.768 ಕಿಲೋಹರ್ಟ್ಸ್ ಕ್ರಿಸ್ಟಲ್ಲೇ ಸರಿ. 32,768 ಅಂದರೆ 2ರ 15ನೇ ಘಾತ. 4060 ಅದನ್ನು 14 ಸಲ ಅರ್ಧ ಮಾಡಿ 3ನೇ ಪಿನ್ನಿನಲ್ಲಿ 2 ಹರ್ಟ್ಸ್ ಕೊಡುತ್ತದೆ. ಉಳಿದ ಒಂದು ಅರ್ಧ 4013ರ ಪಾಲು: 2 ಮತ್ತು 5ನೇ ಪಿನ್ ಸೇರಿಸಿ, 4 ಮತ್ತು 6 ಗ್ರೌಂಡಿಗೆ, 2 ಹರ್ಟ್ಸ್ ಅನ್ನು 3ಕ್ಕೆ ಕೊಡಿ. 1ರಲ್ಲಿ ಸೆಕೆಂಡಿಗೊಂದು ಮಿಡಿತ.

4060ರ 10 ಮತ್ತು 11ರ ನಡುವೆ 10 ಮೆಗಓಮ್. ಕ್ರಿಸ್ಟಲ್ಲಿನ ಒಂದು ಕಾಲು ನೇರವಾಗಿ 11ಕ್ಕೆ, ಇನ್ನೊಂದು 330 ಕಿಲೋಓಮ್ ಮೂಲಕ 10ಕ್ಕೆ. ಎರಡೂ ಕಾಲಿನಿಂದ ಗ್ರೌಂಡಿಗೆ 22 ಪಿಕೋಫ್ಯಾರಡ್. 12ನೇ ಪಿನ್ ಗ್ರೌಂಡಿಗೆ ಹೋಗಲೇಬೇಕು. ಮಲೆನಾಡಿನವರು ಇಲ್ಲೊಂದು ಎಚ್ಚರ ವಹಿಸಿ. ಬೆಸುಗೆಯ ಫ್ಲಕ್ಸ್ ಬೋರ್ಡಿನ ಮೇಲೆ ಉಳಿದು ಜುಲೈ ತಿಂಗಳ ತೇವ ಹಿಡಿದರೆ ಆ 10 ಮೆಗಓಮಿಗೆ ಅರ್ಥವೇ ಉಳಿಯುವುದಿಲ್ಲ; ಸೋರಿಕೆಯಿಂದ ಆಸಿಲೇಟರ್ ನಿಂತೇ ಹೋಗಬಹುದು. ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಚೆನ್ನಾಗಿ ಒಣಗಿಸಿ. ಪರೀಕ್ಷೆಗೆಂದು 10, 11ರ ಮೇಲೆ ಪ್ರೋಬ್ ಇಟ್ಟರೂ ಅದು ನಿಲ್ಲುವುದುಂಟು. 9 ಅಥವಾ 3ನೇ ಪಿನ್ನಿನಲ್ಲಿ ನೋಡಿ.

ಹೆಚ್ಚಿನವರು ಎಡವುವುದು ಎಣಿಕೆಯಲ್ಲಿ. ಒಂದು 4518ರೊಳಗೆ ಎರಡು ಕೌಂಟರ್: ಮೊದಲನೆಯದು ಬಿಡಿ, ಎರಡನೆಯದು ಹತ್ತು. ಬಿಡಿಯ 6ನೇ ಪಿನ್ನನ್ನು ಹತ್ತರ ಕ್ಲಾಕಿಗೆ, ಅಂದರೆ 9ಕ್ಕೆ, ಕೊಟ್ಟರೆ 07 ಆದ ಮೇಲೆ 18, 19, ಆಮೇಲೆ 10 ಬರುತ್ತದೆ. ಐಸಿ ಕೆಟ್ಟಿದೆ ಎಂದು ಕಿತ್ತು ಎಸೆಯಬೇಡಿ. 6ನೇ ಪಿನ್ ಎಂಟರಲ್ಲಿ ಏರಿ, ಹತ್ತಾಗುವಾಗ ಇಳಿಯುತ್ತದೆ. ನಮಗೆ ಬೇಕಿರುವುದು ಇಳಿಯುವ ಅಂಚು. ಅದನ್ನು ಎನೇಬಲ್ ಪಿನ್ 10ಕ್ಕೆ ಕೊಟ್ಟು 9ನ್ನು ಗ್ರೌಂಡ್ ಮಾಡಿ, ಸರಿಹೋಗುತ್ತದೆ.

ಸೆಕೆಂಡು, ನಿಮಿಷಗಳಲ್ಲಿ 60 ಆದಾಗ ಹತ್ತರ ಸ್ಥಾನ ಮಾತ್ರ ಅಳಿಸಿದರೆ ಸಾಕು, ಬಿಡಿ ತಾನಾಗಿಯೇ ಸೊನ್ನೆಗೆ ಬಂದಿರುತ್ತದೆ. 12 ಮತ್ತು 13ನೇ ಪಿನ್‌ಗಳನ್ನು 4081ರ ಒಂದು ಗೇಟಿಗೆ, ಗೇಟಿನ ಔಟ್‌ಪುಟ್ 15ಕ್ಕೆ, 7 ಗ್ರೌಂಡಿಗೆ. ಮುಂದಿನ ಚಿಪ್ಪಿಗೆ ದಾಟಿಸಲು ಆ ರೀಸೆಟ್ ಮಿಡಿತವನ್ನು ನೆಚ್ಚಿಕೊಳ್ಳಬೇಡಿ, ಅದು ತೀರಾ ಚಿಕ್ಕದು. 13ನೇ ಪಿನ್ 40ರಲ್ಲಿ ಏರಿ 60ರಲ್ಲಿ ಇಳಿಯುತ್ತದೆ. ಅದೇ ಮುಂದಿನ 4518ರ 2ನೇ ಪಿನ್ನಿಗೆ ಹೋಗಲಿ, ಅಲ್ಲಿನ 1 ಗ್ರೌಂಡಿಗೆ. 40ನೇ ಸೆಕೆಂಡಿಗೇ ನಿಮಿಷ ಬದಲಾಗುತ್ತಿದ್ದರೆ ಕ್ಲಾಕಿಗೆ ಕೊಟ್ಟಿದ್ದೀರಿ ಎಂದು ತಿಳಿಯಿರಿ.

ಗಂಟೆಗೆ 24ರ ಲೆಕ್ಕವೇ ಇರಲಿ. 12ರ ನಂತರ 1 ಬರಬೇಕೆಂದರೆ ಬೇಕಾದ ಅಂಕಿ ತುಂಬಲು ಬರುವ ಕೌಂಟರ್ ಬೇಕು, 4518ಕ್ಕೆ ಆ ಸೌಲಭ್ಯವಿಲ್ಲ. ಪಿನ್ 12 ಮತ್ತು 5 ಗೇಟಿಗೆ, ಔಟ್‌ಪುಟ್ 7 ಮತ್ತು 15 ಎರಡಕ್ಕೂ. ಮಧ್ಯರಾತ್ರಿ 00 ಬದಲು 20 ಬಂದರೆ ಬಿಡಿ ಮೊದಲು ಅಳಿದು, ಹತ್ತು ಅಳಿಯುವಷ್ಟರಲ್ಲಿ ಮಿಡಿತ ಮುಗಿದಿದೆ. ಗೇಟಿನ ಮುಂದೆ 1ಎನ್4148 ಡಯೋಡ್, ಅದರಾಚೆ ರೀಸೆಟ್ ತಂತಿಯಿಂದ ಗ್ರೌಂಡಿಗೆ 10 ಕಿಲೋಓಮ್, 1 ನ್ಯಾನೋಫ್ಯಾರಡ್ ಹಾಕಿದರೆ ಮಿಡಿತ ಹಿಗ್ಗುತ್ತದೆ.

4511ರಲ್ಲಿ 3 ಮತ್ತು 4 ಹೈ (ಸಪ್ಲೈಗೆ), 5 ಲೋ (ಗ್ರೌಂಡಿಗೆ). ಇದರ 6ಕ್ಕೆ ತಲೆಯಿಲ್ಲ, 9ಕ್ಕೆ ಬಾಲವಿಲ್ಲ, ಚಿಪ್ಪೇ ಹಾಗೆ. 4081ರ ನಾಲ್ಕನೇ ಗೇಟಿನ ಇನ್‌ಪುಟ್‌ಗಳು, 4013ರ ಇನ್ನರ್ಧದ 8, 9, 10, 11 ಎಲ್ಲ ಗ್ರೌಂಡಿಗೆ. ಈ ಐಸಿಗಳೆಲ್ಲ ಸಿಮಾಸ್ ಜಾತಿಯವು, ಇವುಗಳ ಇನ್‌ಪುಟ್ ತೆರೆದಿಟ್ಟರೆ ಬೋರ್ಡಿನ ಹತ್ತಿರ ಕೈ ತಂದರೂ ಅಂಕಿ ಓಡುತ್ತದೆ.

ಸಮಯ ಹೊಂದಿಸಲು ಮೂರು ಕಾಲಿನ ಚೇಂಜ್‌ಓವರ್ ಸ್ವಿಚ್: ನಿಮಿಷದ 2ನೇ ಪಿನ್ ಒಂದು ಕಡೆ ಸೆಕೆಂಡಿನ 13ಕ್ಕೆ, ಇನ್ನೊಂದು ಕಡೆ 2 ಹರ್ಟ್ಸಿಗೆ. ಆ ಪಿನ್ನಿನಿಂದ ಗ್ರೌಂಡಿಗೆ 100 ಕಿಲೋಓಮ್. ಗಂಟೆಗೂ ಹೀಗೆಯೇ. ಸೆಕೆಂಡಿನ ಬಿಡಿಗೆ ಮಾತ್ರ ಮಿಡಿತ 1ನೇ ಪಿನ್ನಿಗೆ; ಅದರ 2ನೇ ಪಿನ್ನನ್ನು 10 ಕಿಲೋಓಮಿನಿಂದ ಹೈ ಮಾಡಿ, ಬಟನ್ನಿನಿಂದ ಗ್ರೌಂಡಿಗೆ ಎಳೆದರೆ ಎಣಿಕೆ ನಿಲ್ಲುತ್ತದೆ, ಕ್ರಿಸ್ಟಲ್ ಓಡುತ್ತಲೇ ಇರುತ್ತದೆ.

ಕರೆಂಟು ಹೋದರೂ ಎಣಿಕೆ ತಪ್ಪಬಾರದು ಎಂದರೆ ಚಾರ್ಜರಿಗೊಂದು, ಮೂರು ಎಎ ಸೆಲ್ಲಿಗೊಂದು 1ಎನ್5819 ಡಯೋಡ್ ಹಾಕಿ ಎರಡನ್ನೂ ಚಿಪ್ಪುಗಳ ಸಪ್ಲೈಗೆ ಸೇರಿಸಿ. ಆಗ 4511ಗಳ 4ನೇ ಪಿನ್ನನ್ನು ನೇರ ಹೈ ಮಾಡದೆ, ಡಯೋಡಿಗೆ ಮೊದಲಿನ ಚಾರ್ಜರ್ ತಂತಿಯಿಂದ 10 ಕಿಲೋಓಮ್ ಮೂಲಕ ತನ್ನಿ. ಗ್ರೌಂಡಿಗೆ 100 ಕಿಲೋಓಮ್. ಕರೆಂಟು ಹೋದೊಡನೆ ಡಿಸ್‌ಪ್ಲೇ ಆರಿ, ಸೆಲ್ ಎಣಿಕೆಗಷ್ಟೇ ಖರ್ಚಾಗುತ್ತದೆ.

20 ಪಿಪಿಎಂ (ಹತ್ತು ಲಕ್ಷಕ್ಕೆ 20) ಕ್ರಿಸ್ಟಲ್ ದಿನಕ್ಕೆ 1.7 ಸೆಕೆಂಡಿನವರೆಗೆ ತಪ್ಪಬಹುದು. 11ನೇ ಪಿನ್ನಿನ 22 ಪಿಕೋಫ್ಯಾರಡ್ ತೆಗೆದು 5–30ರ ಟ್ರಿಮ್ಮರ್ ಹಾಕಿ: ಮುಂದೆ ಓಡಿದರೆ ಹೆಚ್ಚಿಸಿ, ಹಿಂದೆ ಬಿದ್ದರೆ ಕಡಿಮೆ ಮಾಡಿ. ವಾರಕ್ಕೊಮ್ಮೆ ಮೊಬೈಲ್ ಸಮಯದೊಂದಿಗೆ ನೋಡಿ, ಸ್ವಲ್ಪವೇ ತಿರುಗಿಸಿ. ಚಿಕ್ಕಮಗಳೂರಿನ ಚಳಿಗೆ ಕೋಣೆ 15 ಡಿಗ್ರಿಗೆ ಇಳಿದರೆ ದಿನಕ್ಕೆ ಸುಮಾರು 0.3 ಸೆಕೆಂಡು ಹಿಂದೆ ಬೀಳುವುದು ಈ ಕ್ರಿಸ್ಟಲ್ಲಿನ ಗುಣ. ಅದಕ್ಕೆಂದು ಡಿಸೆಂಬರಿನಲ್ಲಿ ಮತ್ತೆ ಟ್ರಿಮ್ಮರ್ ಮುಟ್ಟಬೇಡಿ.