ಪರಿಗಣಿಸಿ ತಿರಸ್ಕರಿಸಲಾಗಿದೆ

ಶಾಸನಸಭೆ ಪಾಸು ಮಾಡಿದ ಮಸೂದೆಗಳನ್ನು ಇಷ್ಟು ದಿನದಲ್ಲಿ ತೀರ್ಮಾನಿಸಿ ಎಂದು ರಾಜ್ಯಪಾಲರಿಗೆ ಗಡುವು ಹಾಕಲು ಹೋಗಿ ಸುಪ್ರೀಂ ಕೋರ್ಟ್ ಗೆರೆ ದಾಟಿತ್ತು ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಮಾತನ್ನು ಅರ್ಧ ಒಪ್ಪುತ್ತೇನೆ. 2025ರ ಏಪ್ರಿಲ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ತಮಿಳುನಾಡಿನ 10 ಮಸೂದೆಗಳಿಗೆ ರಾಜ್ಯಪಾಲರು ಸಹಿ ಹಾಕದಿದ್ದರೂ ಅಂಕಿತ ಸಿಕ್ಕಿದೆ ಎಂದೇ ತಿಳಿಯಬೇಕು ಅಂದಾಗ ನನಗೂ ಇದು ಜಾಸ್ತಿಯಾಯ್ತು ಅನ್ನಿಸಿತ್ತು. ಸಹಿ ಹಾಕಬೇಕಾದವರ ಪೆನ್ನು ಕಿತ್ತುಕೊಂಡು ಕೋರ್ಟೇ ಗೀಚಿದ ಹಾಗೆ. ನವೆಂಬರ್‌ನಲ್ಲಿ ಐವರ ಸಂವಿಧಾನ ಪೀಠ ಗಡುವೂ ಇಲ್ಲ, ಆ ಥರದ ಅಂಕಿತವೂ ಇಲ್ಲ ಎಂದಿತು. ಆದರೆ ಕಾರಣ ಹೇಳದೆ ಮಸೂದೆ ಇಟ್ಟುಕೊಂಡು ಕೂತರೆ ‘ಏನಾದರೊಂದು ತೀರ್ಮಾನ ಮಾಡಿ’ ಅಂತ ಕೋರ್ಟ್ ಹೇಳಬಹುದು ಎಂದೂ ಅದೇ ಪೀಠ ಹೇಳಿದೆ. ಲೇಖನದಲ್ಲಿ ಇದು ಬಂದೇ ಇಲ್ಲ!

ಈ ‘ತೀರ್ಮಾನ ಮಾಡಿ’ಯ ರುಚಿ ಕಂಡವನು ನಾನು. ನಿವೃತ್ತಿಯಾದ ಮೇಲೆ ಬಾಕಿ ವೇತನಕ್ಕಾಗಿ ರಿಟ್, ಅಂದರೆ ಇಲಾಖೆಗೆ ಆದೇಶ ಕೊಡಿ ಅಂತ ಕೋರ್ಟನ್ನು ಕೇಳುವ ಅರ್ಜಿ, ಹಾಕಿದ್ದೆ. ಮನವಿಯನ್ನು ಮೂರು ತಿಂಗಳಲ್ಲಿ ಪರಿಗಣಿಸಿ ಅಂತ ಆದೇಶವಾಯ್ತು. ಇಲಾಖೆಯವರು ಕೊನೇ ವಾರದಲ್ಲಿ ಒಂದು ಹಾಳೆ ಕಳಿಸಿದರು: ‘ಪರಿಗಣಿಸಿ ತಿರಸ್ಕರಿಸಲಾಗಿದೆ.’ ನ್ಯಾಯಾಂಗ ನಿಂದನೆ ಹಾಕೋಣ್ವಾ ಅಂದರೆ ವಕೀಲರು ನಕ್ಕರು. “ಪರಿಗಣಿಸಿ ಅಂದಿತ್ತು, ಪರಿಗಣಿಸಿದ್ದಾರಲ್ಲ ಸ್ವಾಮಿ!” ಮತ್ತೆ ಹೊಸ ರಿಟ್, ಹೊಸ ವಕಾಲತ್ತು, ಹೊಸ ಫೀಸು.

ಸರ್ಕಾರ ನಡೆಸುತ್ತಿರುವುದೇ ಕೋರ್ಟು ಅನ್ನುವವರಿಗೆ ಆ ಹಾಳೆ ತೋರಿಸುತ್ತೇನೆ. ಬೀರುವಿನಲ್ಲಿ ಇನ್ನೂ ಜೋಪಾನವಾಗಿದೆ.